ಎರವಿನ ಊರೋ, ಎರಡನೆಯ ಮನೆಯೋ?

ಹುಟ್ಟಿದ ಊರೊಂದು, ಅನ್ನ ಕೊಟ್ಟ ಊರೊಂದು ಆಗುವುದು ಮನುಷ್ಯನ ಬಾಳಿನಲ್ಲಿ ಇಂದು ನಿನ್ನೆಯ ಮಾತಲ್ಲ. ಮಳೆ ಹೋದ ವರ್ಷ ಒಕ್ಕಲಿಗನು ಊರು ಬಿಟ್ಟಿದ್ದಾನೆ. ವಿದ್ಯೆಗಾಗಿ ಬಾಲಕನು, ವ್ಯಾಪಾರಕ್ಕಾಗಿ ವರ್ತಕನು, ಸಂಬಳಕ್ಕಾಗಿ ನೌಕರನು ಬಿಟ್ಟಿದ್ದಾರೆ. ಹಾಗೆ ಹೋದವರಿಗೆ ಮೊದಮೊದಲು ತಾವು ಪರಸ್ಥಳದಲ್ಲಿದ್ದೇವೆಂಬ ಅರಿವು ಹೆಜ್ಜೆಹೆಜ್ಜೆಗೂ ಆಗುತ್ತದೆ. ವರ್ಷಗಳು ಕಳೆದಂತೆ ಆ ಊರಿನ ಸಂತೆಯ ದಾರಿ ಕಾಲಿಗೆ ರೂಢಿಯಾಗುತ್ತದೆ. ಅಲ್ಲಿಯ ಜಾತ್ರೆ ಬಂದರೆ ಮನಸ್ಸು ಹಿಗ್ಗುತ್ತದೆ. ಮಕ್ಕಳು ಅಲ್ಲಿಯ ಮಾತನ್ನೇ ಆಡತೊಡಗುತ್ತಾರೆ. ಆಗ ವಿಚಾರವಂತನಾದ ಗೃಹಸ್ಥನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಈ ಊರು ನನಗೆ ಏನಾಗಬೇಕು? ಇದರ ಸಂತೋಷದಲ್ಲಿ ನನಗೆ ಪಾಲುಂಟೆ? ಉಂಟಾದರೆ ಆ ಪಾಲು ಯಾವ ನ್ಯಾಯದಿಂದ ಬಂದದ್ದು?

ಈ ಪ್ರಶ್ನೆಗೆ ಲೋಕದಲ್ಲಿ ಮೂರು ಬಗೆಯ ಉತ್ತರಗಳು ಕಂಡುಬರುತ್ತವೆ. ಕೆಲವರು ಮೂವತ್ತು ವರ್ಷ ಒಂದೇ ಓಣಿಯಲ್ಲಿದ್ದರೂ "ನಾವು ಇಲ್ಲಿಯವರಲ್ಲ" ಎಂದೇ ನುಡಿಯುತ್ತಾರೆ. ಊರಿನ ಬೀದಿ ಕೆಟ್ಟರೂ ಅವರಿಗೆ ಚಿಂತೆಯಿಲ್ಲ, ಊರು ಬೆಳಗಿದರೂ ಸಂತೋಷವಿಲ್ಲ. ಇನ್ನು ಕೆಲವರು ಹೊಸ ಊರಿನ ಬಣ್ಣಕ್ಕೆ ಬೆರಗಾಗಿ ಹಳೆಯದನ್ನು ಮರೆಯುತ್ತಾರೆ. ತಂದೆತಾಯಿಗಳಿಗೆ ಕಾಗದ ಬರೆಯುವುದೂ ಅವರಿಗೆ ಭಾರವಾಗುತ್ತದೆ. ಮೂರನೆಯವರು ಜಾಣರು. ಹಬ್ಬಹುಣ್ಣಿಮೆಗಳಲ್ಲಿ ಊರು ತಮ್ಮದೆನ್ನುತ್ತಾರೆ, ಕಷ್ಟ ಬಂದ ದಿನ ತಾವು ಪರವೂರಿನವರೆನ್ನುತ್ತಾರೆ. ಈ ಮೂರೂ ದಾರಿಗಳು ಶರಣರು ತೋರಿದ ದಾರಿಗೆ ಒಪ್ಪುವುವಲ್ಲವೆಂದು ನಮ್ಮ ನಂಬಿಕೆ. ಹೇಗೆಂಬುದನ್ನು ವಿಚಾರಿಸೋಣ.

ಮೊದಲು ಕಲ್ಯಾಣವನ್ನೇ ನೆನೆಯೋಣ. ಕಲ್ಯಾಣದ ಶರಣರೆಂದು ನಾವು ಭಕ್ತಿಯಿಂದ ಸ್ಮರಿಸುವವರಲ್ಲಿ ಕಲ್ಯಾಣದಲ್ಲಿಯೇ ಹುಟ್ಟಿದವರು ಎಷ್ಟು ಮಂದಿ? ಬಸವಣ್ಣನವರು ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಮಂಗಳವಾಡದಲ್ಲಿ ಕಾಯಕಕ್ಕೆ ನಿಂತು, ಆಮೇಲೆ ಕಲ್ಯಾಣಕ್ಕೆ ಬಂದವರು. ಅಕ್ಕಮಹಾದೇವಿಯವರು ಬಂದದ್ದು ದೂರದ ಉಡುತಡಿಯಿಂದ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆ ಹೊತ್ತರೆಂಬುದು ಸಂಪ್ರದಾಯದ ಮಾತು. ಆಯ್ದಕ್ಕಿ ದಂಪತಿಗಳು ಅಮರೇಶ್ವರದ ಕಡೆಯವರು. ಹೀಗೆ ನೋಡಿದರೆ ಕಲ್ಯಾಣವೆಂಬುದು ಬಹುಮಂದಿಗೆ ಎರಡನೆಯ ಮನೆಯಾಗಿತ್ತು. ಅಲ್ಲಿ ಒಬ್ಬರನ್ನೊಬ್ಬರು ಯಾವ ಊರಿನವನೆಂದು ಕೇಳಿ ಅಳೆಯುವ ಪದ್ಧತಿಯಿರಲಿಲ್ಲ. ಯಾವ ಕಾಯಕದವನು, ಯಾವ ನಡೆಯವನು ಎಂಬುದೇ ಅಲ್ಲಿ ಪ್ರಶ್ನೆಯಾಗಿತ್ತು. ಊರಿನ ಮೇಲಿನ ಹಕ್ಕು ಹುಟ್ಟಿನಿಂದ ಬರುವುದಾದರೆ ಆ ಮಹಾಮನೆಯಲ್ಲಿ ಕುಳಿತುಕೊಳ್ಳುವ ಹಕ್ಕು ಬಹುತೇಕ ಶರಣರಿಗೆ ಇರುತ್ತಲೇ ಇರಲಿಲ್ಲ.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಕಲ್ಯಾಣವು ಬಂದವರಿಗೆಲ್ಲ ತೆರೆದ ಬಾಗಿಲಾಗಿತ್ತೆಂದ ಮಾತ್ರಕ್ಕೆ ಬಂದವರು ಬಾಚಿಕೊಂಡು ಹೋಗಬಹುದಾದ ಕಣಜವಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಲೆಯ ಮೇಲೇರಿಸಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಆಸೆಯ ನಿರಾಕರಣೆಗೆ ದೃಷ್ಟಾಂತವೆಂದು ಹೇಳುತ್ತೇವೆ. ಪರವೂರಿಗೆ ಬಂದು ನೆಲೆಸಿದ ಗೃಹಸ್ಥರು ಇದನ್ನು ಇನ್ನೊಂದು ಕಣ್ಣಿನಿಂದಲೂ ನೋಡಬಹುದು. ಆ ದಂಪತಿಗಳು ಬಂದ ಊರಿನಲ್ಲಿ ತಮ್ಮ ಅಳತೆಯನ್ನು ತಾವೇ ಇಟ್ಟುಕೊಂಡಿದ್ದರು. ಊರು ಕೊಟ್ಟಿತೆಂದು ಮಿತಿಮೀರಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡದ್ದನ್ನು ತಮಗೆಂದೇ ಇಟ್ಟುಕೊಳ್ಳಲೂ ಇಲ್ಲ.

ಇನ್ನು ನಮ್ಮ ಕಾಲದ ಒಂದು ಊರನ್ನು ತೆಗೆದುಕೊಳ್ಳೋಣ. ವಿಜಯಪುರ, ಕಲಬುರ್ಗಿ ಜಿಲ್ಲೆಗಳ ನಮ್ಮ ಸಾವಿರಾರು ಮನೆತನಗಳಿಗೆ ಸೊಲ್ಲಾಪುರವು ಎರಡನೆಯ ಮನೆಯಾಗಿದೆ. ವಿಜಯಪುರದಿಂದ ಅದು ಸುಮಾರು ೧೦೦ ಕಿಲೋಮೀಟರು ದೂರ. ೧೮೭೭ರಲ್ಲಿ ಅಲ್ಲಿ ಮೊದಲ ದೊಡ್ಡ ಬಟ್ಟೆಯ ಗಿರಣಿ ಹುಟ್ಟಿತು. ಅದನ್ನೇ ಜನರು ಮುಂದೆ ಜೂನೀ ಮಿಲ್ ಎಂದು ಕರೆದರು. ಅದರ ಹಿಂದೆ ಬೇರೆ ಗಿರಣಿಗಳೂ ಎದ್ದವು. ಬರಗಾಲದ ಸೀಮೆಯ ಜನರಿಗೆ ಆ ಗಿರಣಿಗಳ ಭೋಂಗವೇ ಕರೆಯೋಲೆಯಾಯಿತು. ನಮ್ಮ ಕಡೆಯ ಒಕ್ಕಲಿಗರು ಹೋದಂತೆಯೇ ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು, ಮರಾಠಿ ಸೀಮೆಯ ರೈತರು ಬಂದರು, ಮಾರವಾಡದ ವರ್ತಕರು ಬಂದರು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಪೇಟೆಯಲ್ಲಿ ಕೇಳಿಬರುವ ಊರು ಅದು. ಅಂದು ವಿಜಯಪುರವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ೧೯೫೬ರ ನವೆಂಬರ ೧ರಂದು ವಿಜಯಪುರವು ಮೈಸೂರು ರಾಜ್ಯಕ್ಕೆ ಬಂದಿತು. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು ೧೯೬೦ರ ಮೇ ೧ರಂದು ಮಹಾರಾಷ್ಟ್ರಕ್ಕೆ ಸೇರಿತು. ಪಕ್ಕದ ಜಿಲ್ಲೆಗೆ ಹೋಗಿದ್ದವರು ಮನೆ ಬದಲಿಸದೆಯೇ ಬೇರೆ ರಾಜ್ಯದವರಾದರು. ಮುಂದೆ ಆ ಹಳೆಯ ಗಿರಣಿಗಳೂ ಮುಚ್ಚಿದವು. ಆದರೆ ಬಂದ ಜನ ಬಂದ ದಾರಿಯಲ್ಲಿಯೇ ತಿರುಗಿ ಹೋಗಲಿಲ್ಲ. ಮಗ್ಗಗಳು ಮಾತ್ರ ಇಂದಿಗೂ ಚಾದರವನ್ನೂ ಟವೆಲ್ಲನ್ನೂ ನೇಯುತ್ತಲೇ ಇವೆ. ಕೆಲಸಕ್ಕಾಗಿ ಬಂದವರು ಕೆಲಸ ಹೋದ ಮೇಲೂ ಉಳಿದರೆಂದರೆ, ಅಷ್ಟರಲ್ಲಿ ಆ ಊರು ಅವರಿಗೆ ಸಂಬಳದ ಸ್ಥಳಕ್ಕಿಂತ ಹೆಚ್ಚಿನದೇನೋ ಆಗಿದ್ದಿರಬೇಕು.

ನಮ್ಮವರಿಗಂತೂ ಸೊಲ್ಲಾಪುರವು ಸೊನ್ನಲಿಗೆಯೇ ಆಗಿದೆ. ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ, ಲಿಂಗಗಳನ್ನು ನೆಲೆಗೊಳಿಸಿದ, ಕಡೆಗೆ ಸಮಾಧಿಸ್ಥರಾದ ನೆಲ ಅದು. ಕೆರೆಯ ನಡುವಿನ ಗುಡಿಯನ್ನು ಕಾಣದೆ ಊರನ್ನು ಕಂಡೆನೆನ್ನುವಂತಿಲ್ಲ. ಮಕರಸಂಕ್ರಮಣದ ಸಮಯದಲ್ಲಿ ನಡೆಯುವ ಅಲ್ಲಿಯ ಯಾತ್ರೆಯನ್ನು ಜನರು ಗಡ್ಡಾ ಯಾತ್ರೆಯೆನ್ನುತ್ತಾರೆ. ಆಗ ಏಳು ನಂದಿಧ್ವಜಗಳು ಹೊರಡುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಊರ ಸುತ್ತಲಿನ ೬೮ ಲಿಂಗಗಳಿಗೆ ತೈಲಾಭಿಷೇಕಕ್ಕಾಗಿ ನಡೆಯುತ್ತಾರೆ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆಯ ಸಮಾರಂಭ. ಸಿದ್ಧರಾಮರನ್ನೇ ವರಿಸಬೇಕೆಂದು ಹಟ ಹಿಡಿದ ಕುಂಬಾರ ಕನ್ಯೆಗೆ ಅವರು ತಮ್ಮ ಯೋಗದಂಡದೊಡನೆ ವಿವಾಹವಾಗಲು ಒಪ್ಪಿಗೆಯಿತ್ತರೆಂಬ ಐತಿಹ್ಯದ ನೆನಪು ಅದು. ಅದರ ಮರುದಿನ ಹೋಮ, ಆಮೇಲೆ ಮದ್ದು ಸುಡುವ ಸಡಗರ. ಮೈದಾನದ ತುಂಬ ಅಂಗಡಿಗಳು, ತೊಟ್ಟಿಲುಗಳು, ದನಗಳ ಸಂತೆ.

ಆ ನಂದಿಧ್ವಜವನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಹಲವು ಆಳೆತ್ತರದ ಆ ಕೋಲನ್ನು ನಡುವಿಗೆ ಆನಿಸಿಕೊಂಡು ಒಬ್ಬನೇ ಹೊತ್ತು ನಡೆಯುತ್ತಾನೆ. ಆದರೆ ಅವನು ಒಂಟಿಯಲ್ಲ. ಅತ್ತಿತ್ತ ವಾಲದಂತೆ ಕಾಯುವವರು ಸುತ್ತಲೂ ಇರುತ್ತಾರೆ. ಒಬ್ಬನು ದಣಿದರೆ ಇನ್ನೊಬ್ಬನು ಹೆಗಲು ಕೊಡುತ್ತಾನೆ. ಯಾತ್ರೆಗೆ ಎಷ್ಟೋ ದಿನ ಮೊದಲೇ ಅದರ ಅಭ್ಯಾಸ ನಡೆದಿರುತ್ತದೆ. ಬೇರೆ ಬೇರೆ ಧ್ವಜಗಳ ಮಾನವು ಬೇರೆ ಬೇರೆ ಸಮಾಜಗಳಿಗೆ ಸಂದಿದೆ. ರಸ್ತೆಯ ಎರಡು ಕಡೆಯಲ್ಲಿ ನಿಂತು ನೋಡುವವರಿಗೆ ಅದು ಕಣ್ಣಿನ ಹಬ್ಬ; ಹೊತ್ತವನಿಗೆ ಮಾತ್ರ ಅದರ ತೂಕ ಗೊತ್ತು. ಊರಿನ ಸಂತೋಷದ ಸ್ವರೂಪವೇ ಹೀಗಿದೆ. ಅದು ತಾನಾಗಿ ನಡೆಯುವುದಿಲ್ಲ, ಯಾರೋ ಹೊತ್ತಿರುತ್ತಾರೆ. ಬೀದಿಯನ್ನು ಗುಡಿಸಿದವರುಂಟು, ನೀರು ತಂದವರುಂಟು, ರಾತ್ರಿಯೆಲ್ಲ ಕಾವಲು ನಿಂತವರುಂಟು. ನಿನ್ನೆ ಬಂದವನು ರಸ್ತೆಯ ಬದಿಗೆ ನಿಂತು ನೋಡಿ ಸಂತೋಷಪಟ್ಟರೆ ಅದರಲ್ಲಿ ದೋಷವಿಲ್ಲ; ಅತಿಥಿಯ ಸಂತೋಷವೂ ಪವಿತ್ರವಾದುದೇ. ಆದರೆ ಇಪ್ಪತ್ತು ವರ್ಷವಾದರೂ ಅಲ್ಲಿಯೇ ನಿಂತು ನೋಡುತ್ತಿರುವವನು, ಒಮ್ಮೆಯೂ ಯಾವ ಭಾರಕ್ಕೂ ಕೈ ಹಚ್ಚದವನು, ಊರನ್ನು ಮನೆಯೆಂದು ಕರೆಯುವಾಗ ಸ್ವಲ್ಪ ಸಂಕೋಚಪಡಬೇಕು.

ಇಲ್ಲಿ ಒಬ್ಬ ನಿಷ್ಠಾವಂತ ಭಕ್ತನು ಆಕ್ಷೇಪಿಸಬಹುದು. "ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದವನಿಗೆ ಜಾತ್ರೆಯ ಗೊಡವೆಯೇಕೆ? ಶರಣರು ಸ್ಥಾವರದ ಹಿಂದೆ ಅಲೆಯುವುದನ್ನು ಒಪ್ಪಲಿಲ್ಲವಷ್ಟೆ? ಪರವೂರಿನ ಉತ್ಸವ, ಅದರಲ್ಲೂ ಪರಸಮಾಜದ ಉತ್ಸವ, ನಿಷ್ಠೆಯನ್ನು ಸಡಿಲಿಸದೆ?" ಈ ಆಕ್ಷೇಪವು ಹಗುರವಾದುದಲ್ಲ. ಗುಡಿಗೆ ಹೋಗಿ ವರವನ್ನು ಬೇಡಿ, ಹರಕೆಯ ಲೆಕ್ಕ ಬರೆಯುವ ಭಕ್ತಿಯನ್ನು ಶರಣರು ಮೆಚ್ಚಲಿಲ್ಲವೆಂಬುದು ನಿಜ. ಆದರೆ ಅದೇ ಶರಣರು ಸಂಗವನ್ನು, ಅಂದರೆ ಒಳ್ಳೆಯ ಜನರ ಕೂಟವನ್ನು, ಎಷ್ಟು ಹಂಬಲಿಸಿದರೆಂಬುದನ್ನೂ ನೆನೆಯಬೇಕು. ಇಷ್ಟಲಿಂಗವು ನಮ್ಮೊಡನೆ ನಮ್ಮ ಮೈಮೇಲೆಯೇ ಊರಿನಿಂದ ಊರಿಗೆ ಬರುತ್ತದೆ. ಯಾವ ಊರಿನಲ್ಲಿದ್ದರೂ ಪೂಜೆಗೆ ಕೊರತೆಯಿಲ್ಲ. ಅದಕ್ಕಾಗಿ ನಾವು ಹುಟ್ಟೂರಿನ ಮಣ್ಣನ್ನೇ ಅವಲಂಬಿಸಬೇಕಾಗಿಲ್ಲ. ಹೀಗೆ ನಿಷ್ಠೆಯ ನೆಲೆಯು ಅಂಗೈಯಲ್ಲಿ ಭದ್ರವಾಗಿರುವವನಿಗೆ ನೆರೆಯವನ ಸಂತೋಷವನ್ನು ಕಂಡು ಅಂಜುವ ಕಾರಣವಾದರೂ ಏನು? ಶ್ರಾವಣದ ನೂಲಹುಣ್ಣಿಮೆಯ ದಿನ ಪದ್ಮಶಾಲಿ ಬಂಧುಗಳು ಮಾರ್ಕಂಡೇಯ ಋಷಿಯ ರಥವನ್ನು ಎಳೆಯುವಾಗ ದಾರಿಯಲ್ಲಿ ನೀರು ಕೊಡುವುದಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ ಕಾಲ್ನಡೆಯಿಂದ ಹೋಗುವ ವಾರಕರಿಗಳಿಗೆ ರೊಟ್ಟಿ ಬಡಿಸುವುದಕ್ಕೆ, ನೆರೆಮನೆಯ ಮುಸಲ್ಮಾನ ಬಂಧುವಿಗೆ ಈದಿನ ದಿನ ಶುಭವನ್ನು ಕೋರುವುದಕ್ಕೆ ನಿಷ್ಠೆಯು ಅಡ್ಡಬರುವುದಿಲ್ಲ. ಬೇಡುವ ಕೈಯಿಂದ ಉತ್ಸವಕ್ಕೆ ಹೋಗುವುದು ಬೇರೆ, ಬಡಿಸುವ ಕೈಯಿಂದ ಹೋಗುವುದು ಬೇರೆ. ಎರಡನೆಯದು ದಾಸೋಹವೇ ಆಗಿದೆ.

ಉತ್ಸವದ ಮಾತು ಇಷ್ಟಾಯಿತು. ಆದರೆ ವರ್ಷದಲ್ಲಿ ಉತ್ಸವದ ದಿನಗಳು ಬೆರಳೆಣಿಕೆಯವು. ಉಳಿದ ದಿನಗಳೇ ಬಹಳ. ಊರು ಮನೆಯಾಗುವುದು ಆ ಉಳಿದ ದಿನಗಳಲ್ಲಿ. ಬೆಳಗಿನ ಹೊತ್ತು ಪೇಟೆಯಲ್ಲಿ ಮಂಗಳವೇಢೆಯ ಮಾಲದಂಡಿ ಜೋಳವನ್ನು ಅಂಗೈಯಲ್ಲಿ ಹಿಡಿದು ನೋಡುವ ಮುದುಕಿಗೆ ತಾನು ಪರರಾಜ್ಯದಲ್ಲಿದ್ದೇನೆಂಬ ಭಾವನೆ ಬರುವುದಿಲ್ಲ. ಅದು ಅವಳ ತವರಿನ ಹೊಲದಲ್ಲಿ ಬೆಳೆಯುವ ಜೋಳವೇ. ನಮ್ಮವರು ಸೀತನಿಯೆನ್ನುವ ಹಸಿ ಜೋಳದ ತೆನೆಯನ್ನು ಅಲ್ಲಿಯವರು ಹುರಡಾ ಎನ್ನುತ್ತಾರೆ. ಸುಡುವ ಬೆಂಕಿ ಒಂದೇ, ಮೆಲ್ಲುವ ಸವಿ ಒಂದೇ. ಕಡಕ ರೊಟ್ಟಿಯೂ ಶೇಂಗಾ ಚಟ್ನಿಯೂ ಯಾವ ಭಾಷೆಯವರ ಅಡಿಗೆಯೆಂದು ಅಲ್ಲಿ ಯಾರೂ ಜಗಳವಾಡುವುದಿಲ್ಲ. ಸಂಕ್ರಮಣದ ದಿನ ನಮ್ಮ ಮಕ್ಕಳು ಕುಸುರೆಳ್ಳು ಹಿಡಿದು ನೆರೆಮನೆಗೆ ಹೋದರೆ ಅವರು ತಿಳಗೂಳವೆಂದು ಕೈಗೆ ಹಾಕಿ ಕಳುಹಿಸುತ್ತಾರೆ. ಎಳ್ಳು ಬೆಲ್ಲಗಳಿಗೆ ಗಡಿಯಿಲ್ಲ.

ಹಾಗೆಂದು ನಿತ್ಯಜೀವನವೆಲ್ಲ ಸವಿಯೇ ಎಂದು ಹೇಳಿದರೆ ಅದು ಅರ್ಧ ಸತ್ಯವಾದೀತು. ಸೊಲ್ಲಾಪುರವು ನೀರಿಗಾಗಿ ಬಹುಕಾಲ ಪರದಾಡಿದ ಊರು. ಭೀಮಾ ನದಿಗೆ ಉಜನಿಯಲ್ಲಿ ದೊಡ್ಡ ಅಣೆಕಟ್ಟು ಎದ್ದ ಮೇಲೆಯೂ ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾದ ಓಣಿಗಳುಂಟು. ಬೀಡಿ ಸುತ್ತಿ ಸಂಸಾರ ನಡೆಸುವ ಸಾವಿರಾರು ತಾಯಂದಿರಿದ್ದಾರೆ. ಗಿರಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರ ಮನೆಗಳುಂಟು. ನಲ್ಲಿಯ ಮುಂದೆ ಕೊಡಗಳ ಸಾಲು ನಿಂತಾಗ ತನ್ನ ಸರದಿಯನ್ನು ಕೈಲಾಗದ ಮುದುಕಿಗೆ ಬಿಟ್ಟುಕೊಡುವವಳು ಆ ಊರಿನ ನಿಜವಾದ ನಿವಾಸಿ. ಅವಳು ಎಲ್ಲಿ ಹುಟ್ಟಿದಳೆಂಬುದನ್ನು ಆಗ ಯಾರೂ ಕೇಳುವುದಿಲ್ಲ. ಶರಣರು ಪ್ರಸಾದವೆಂದು ಕರೆದ ತತ್ತ್ವಕ್ಕೂ ಇದಕ್ಕೂ ಸಂಬಂಧವಿದೆ. ಬಂದುದನ್ನು ನನಗೇ ಬಂತೆಂದು ಉಂಡರೆ ಅದು ಭೋಗ. ಕೊಟ್ಟವನನ್ನು ನೆನೆದು, ಪಕ್ಕದವನಿಗೂ ಹಂಚಿ, ಹದವರಿತು ಉಂಡರೆ ಅದು ಪ್ರಸಾದ. ಉಣ್ಣುವ ಅನ್ನವು ಅದೇ ಆಗಿರುತ್ತದೆ. ಬದಲಾಗುವುದು ಉಣ್ಣುವವನ ಭಾವ. ಊರಿನ ಸುಖವನ್ನೂ ಹೀಗೆಯೇ ಭೋಗವಾಗಿಯೂ ಉಣ್ಣಬಹುದು, ಪ್ರಸಾದವಾಗಿಯೂ ಉಣ್ಣಬಹುದು.

ಈ ವಿಷಯದಲ್ಲಿ ಗಂಡಸರಾದ ನಾವು ನಮ್ಮ ಮನೆಯ ತಾಯಂದಿರಿಂದ ಕಲಿಯಬೇಕಾದುದು ಬಹಳವಿದೆ. ಎರಡನೆಯ ಮನೆಯ ಕಷ್ಟವನ್ನು ನಾವು ಹೊಸದಾಗಿ ಕಂಡವರಂತೆ ಮಾತನಾಡುತ್ತೇವೆ. ಆದರೆ ಲಗ್ನವಾಗಿ ಬಂದ ಪ್ರತಿಯೊಬ್ಬ ಸೊಸೆಯೂ ಅದನ್ನು ಮೌನವಾಗಿ ಅನುಭವಿಸಿದ್ದಾಳೆ. ಅವಳು ತವರನ್ನು ಮರೆಯುವುದಿಲ್ಲ; ಪಂಚಮಿ ಬಂದರೆ ಅಣ್ಣನ ದಾರಿಯನ್ನು ಕಾಯುತ್ತಾಳೆ. ಆದರೂ ಬಂದ ಮನೆಯ ಒಲೆಯನ್ನು ಹಚ್ಚುತ್ತಾಳೆ, ಅಲ್ಲಿಯ ಹಿರಿಯರನ್ನು ಜೋಪಾನ ಮಾಡುತ್ತಾಳೆ, ಅಲ್ಲಿಯ ಸಾವುನೋವುಗಳಲ್ಲಿ ಮೊದಲು ಕಣ್ಣೀರಿಡುತ್ತಾಳೆ. ಎರಡು ಮನೆಗಳಲ್ಲಿ ಯಾವುದು ನಿನ್ನದೆಂದು ಅವಳನ್ನು ಕೇಳುವುದು ಎಷ್ಟು ಅವಿವೇಕವೋ, ಎರಡು ಊರುಗಳಲ್ಲಿ ಯಾವುದು ನಿನ್ನದೆಂದು ಗೃಹಸ್ಥನನ್ನು ಕೇಳುವುದೂ ಅಷ್ಟೇ ಅವಿವೇಕ. ಪ್ರೀತಿಯು ಪಾಲಾದರೆ ಕಡಿಮೆಯಾಗುವ ವಸ್ತುವಲ್ಲ. ಆದರೆ ಸಮಯವೂ ಹಣವೂ ಪಾಲಾದರೆ ಕಡಿಮೆಯಾಗುವುವು. ನಿಜವಾದ ಧರ್ಮಸಂಕಟವಿರುವುದು ಇಲ್ಲಿಯೇ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸೋಣ. ಸಂಕ್ರಮಣದ ಸಮಯಕ್ಕೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಯಾತ್ರೆಯಿರುವಂತೆ ಅದೇ ದಿನಗಳಲ್ಲಿ ವಿಜಯಪುರದಲ್ಲಿಯೂ ಸಿದ್ಧೇಶ್ವರನ ಜಾತ್ರೆಯಿರುತ್ತದೆ. ಅಲ್ಲಿಯೂ ನಂದಿಧ್ವಜಗಳುಂಟು, ಅಲ್ಲಿಯೂ ದನಗಳ ಸಂತೆಯುಂಟು. ವಿಜಯಪುರದ ಕಡೆಯ ಗೃಹಸ್ಥನೊಬ್ಬನು ಸೊಲ್ಲಾಪುರದಲ್ಲಿ ಮಗ್ಗದ ಕಾರಖಾನೆಯ ಕೆಲಸದಲ್ಲಿದ್ದಾನೆನ್ನಿ. ಊರಿನಲ್ಲಿ ವಯಸ್ಸಾದ ತಾಯಿಯಿದ್ದಾಳೆ; ಪಟ್ಟಣದ ಗಾಳಿ ತನಗೆ ಆಗದೆಂದು ಅವಳು ಹಳ್ಳಿ ಬಿಡಲೊಲ್ಲಳು. ಇತ್ತ ಅವನ ಓಣಿಯವರು ಈ ವರ್ಷ ನಂದಿಧ್ವಜದ ಸೇವೆಗೆ ಅವನ ಹೆಸರನ್ನು ಬರೆದಿದ್ದಾರೆ. ಮಕ್ಕಳು ಯಾತ್ರೆಗೆಂದು ತಿಂಗಳಿಂದ ದಿನ ಎಣಿಸುತ್ತಿದ್ದಾರೆ. ಅತ್ತ ತಾಯಿಯು ಜಾತ್ರೆಗೆ ಮಗ ಬರುವನೆಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿ ಕಾಯುತ್ತಾಳೆ. ಅವನು ಎಲ್ಲಿರಬೇಕು?

"ಹುಟ್ಟೂರೇ ಮೊದಲು" ಎಂಬುದು ಸುಲಭವಾದ ಉತ್ತರ. "ಎಲ್ಲಿದ್ದರೂ ಸಿದ್ಧರಾಮ ಒಬ್ಬನೇ" ಎಂಬುದು ಇನ್ನೂ ಸುಲಭವಾದ ಉತ್ತರ. ಎರಡೂ ಅವನ ಸಂಕಟವನ್ನು ಬಿಡಿಸುವುದಿಲ್ಲ. ನಮಗೆ ತೋರುವ ಮಟ್ಟಿಗೆ ಇಲ್ಲಿ ಊರುಗಳನ್ನು ತೂಗುವುದೇ ತಪ್ಪು, ತೂಗಬೇಕಾದುದು ಋಣವನ್ನು. ಯಾತ್ರೆಯಲ್ಲಿ ಅವನ ಹೆಗಲಿಗೆ ಬದಲಾಗಿ ಇನ್ನೊಂದು ಹೆಗಲು ಸಿಕ್ಕೀತು. ಮೊದಲೇ ಹೇಳಿದಂತೆ ಕೋಲಿನ ಸುತ್ತಲೂ ಜನರಿದ್ದಾರೆ. ತಾಯಿಯ ಅಂಗಳದಲ್ಲಿ ಮಗನ ಬದಲಿಗೆ ನಿಲ್ಲುವವರು ಯಾರೂ ಇಲ್ಲ. ಆದುದರಿಂದ ತಾಯಿಯು ಕೈಲಾಗದವಳಾಗಿ, ಒಂಟಿಯಾಗಿ ಇದ್ದರೆ ಅವನು ಅಲ್ಲಿಗೆ ಹೋಗಬೇಕು. ಓಣಿಯವರಿಗೆ ಮುಂಚೆಯೇ ತಿಳಿಸಿ, ತನ್ನ ಸೇವೆಯ ಪಾಲನ್ನು ಬೇರೆ ದಿನ ಬೇರೆ ರೀತಿಯಲ್ಲಿ ಸಲ್ಲಿಸಬೇಕು. ತಾಯಿಯು ಗಟ್ಟಿಯಾಗಿದ್ದು, ತಮ್ಮಂದಿರು ಹತ್ತಿರವಿದ್ದು, ಇಲ್ಲಿ ಮಾತು ಕೊಟ್ಟ ಸೇವೆಯು ಅವನಿಲ್ಲದೆ ನಿಲ್ಲುವುದಾದರೆ ಅವನು ಇಲ್ಲಿರಬೇಕು. ಹಬ್ಬದ ಮುಂಚೆಯೋ ಮರುವಾರವೋ ತಾಯಿಯ ಕೈಯ ರೊಟ್ಟಿಯನ್ನು ಉಣ್ಣಬೇಕು. ಯಾರ ಕೊರತೆಯನ್ನು ಬೇರೆ ಯಾರೂ ತುಂಬಲಾರರೋ ಅವರ ಋಣವೇ ಮೊದಲು. ಈ ಅಳತೆಗೋಲನ್ನು ಹಿಡಿದರೆ ಒಮ್ಮೆ ಹುಟ್ಟೂರು ಗೆದ್ದೀತು, ಒಮ್ಮೆ ಬಂದ ಊರು ಗೆದ್ದೀತು. ಮನುಷ್ಯನ ಧರ್ಮ ಮಾತ್ರ ಸೋಲುವುದಿಲ್ಲ. ಹೀಗೆ ನಿರ್ಧರಿಸಿದ ಮೇಲೆಯೂ ಬಿಟ್ಟುಬಂದ ಕಡೆಗೆ ಮನಸ್ಸು ಸ್ವಲ್ಪ ನೊಂದೀತು. ಆ ನೋವನ್ನು ತೆಗೆದುಹಾಕುವ ಯುಕ್ತಿಯನ್ನು ನಾವು ಹೇಳಲಾರೆವು. ಎರಡು ಮನೆಗಳಿರುವವನು ಸಲ್ಲಿಸಲೇಬೇಕಾದ ಕಂದಾಯ ಅದು.

ಇನ್ನೊಂದು ಅಪಾಯವೂ ಉಂಟು. ಊರನ್ನು ಪ್ರೀತಿಸುತ್ತ ಪ್ರೀತಿಸುತ್ತ "ಇದು ನನ್ನಿಂದಾಯಿತು" ಎಂಬ ಅಭಿಮಾನ ಬರುವುದು. ಇದಕ್ಕೆ ಸೊನ್ನಲಿಗೆಯ ಸಿದ್ಧರಾಮರ ಚರಿತ್ರೆಯೇ ದೊಡ್ಡ ಪಾಠ. ಅವರು ಜನಹಿತಕ್ಕಾಗಿ ಕೆರೆ ತೋಡಿಸಿದ ಮಹಾನುಭಾವರು. ಅಂಥವರ ಬಳಿಗೆ ಅಲ್ಲಮಪ್ರಭುಗಳು ಬಂದು, ಒಡ್ಡನೆಂದು ಕೂಗಿ ಕೆಣಕಿದರೆಂದೂ, ಕೆಲಸದವರು ಕೆರಳಿ ಕಲ್ಲೆಸೆದರೆಂದೂ ಶೂನ್ಯಸಂಪಾದನೆಯು ತಿಳಿಸುತ್ತದೆ. ಪ್ರಭುಗಳು ಕೆರೆಯ ನೀರನ್ನು ನಿಂದಿಸಲಿಲ್ಲ. ಬಾಯಾರಿದವನು ಆ ನೀರನ್ನು ಕುಡಿಯುವುದನ್ನೂ ನಿಂದಿಸಲಿಲ್ಲ. ಕೆರೆಯನ್ನು ಕಟ್ಟಿದೆನೆಂಬ ಭಾವದೊಳಗೆ ಕಟ್ಟುಬಿದ್ದ ಮನಸ್ಸನ್ನು ತೋರಿಸಿಕೊಟ್ಟರು. ಆಗ ಸಿದ್ಧರಾಮರು ತಾವು ಕಟ್ಟಿದ ಊರನ್ನು ಬಿಟ್ಟು ಕಲ್ಯಾಣಕ್ಕೆ ನಡೆದರು. ಅಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಮುಂದೆ ಸೊನ್ನಲಿಗೆಗೆ ಮರಳಿ ಅಲ್ಲಿಯೇ ಸಮಾಧಿಸ್ಥರಾದರೆಂಬುದು ಭಕ್ತರ ನಂಬಿಕೆ. ಹಾಗೆ ಮರಳಿದಾಗ ಅದೇ ಕೆರೆ, ಅದೇ ಊರು. ಆದರೆ ನನ್ನದೆಂಬ ಹಿಡಿತ ಸಡಿಲಿದ ಮೇಲೆ ಅದು ಅವರಿಗೆ ಎರಡನೆಯ ಸಲ ದೊರೆತ ಊರಾಯಿತು. ನಮ್ಮ ಪಟ್ಟಣಗಳಲ್ಲಿ ಉತ್ಸವ ಸಮಿತಿಗಳ ಕುರ್ಚಿಗಾಗಿ, ಫಲಕದ ಮೇಲಿನ ಹೆಸರಿಗಾಗಿ ನಡೆಯುವ ಕಲಹಗಳನ್ನು ಕಂಡವರು ಈ ಕಥೆಯನ್ನು ಮತ್ತೆ ಮತ್ತೆ ಓದಬೇಕು.

ಬಂದ ಊರಿನ ಮೇಲಿನ ಪ್ರೀತಿಯು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಸೊಲ್ಲಾಪುರದಲ್ಲಿಯೇ ಎರಡು ನಿದರ್ಶನಗಳಿವೆ. ೧೯೩೦ರ ಮೇ ತಿಂಗಳಲ್ಲಿ ಅಲ್ಲಿ ಸ್ವಾತಂತ್ರ್ಯದ ಕಿಚ್ಚು ಎದ್ದಾಗ ಬ್ರಿಟಿಷರು ಲಷ್ಕರಿ ಕಾಯಿದೆಯನ್ನು ಹೇರಿದರು. ೧೯೩೧ರ ಜನವರಿ ೧೨ರಂದು, ಊರಿನಲ್ಲಿ ಯಾತ್ರೆಯ ಸಮಯ ಹತ್ತಿರ ಬಂದಿರುವಾಗಲೇ, ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಯರವಡಾ ಕಾರಾಗೃಹದಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರುಗಳು ನಾಲ್ಕು ಸಮಾಜಗಳಿಂದ ಬಂದವು. ಊರು ಅವರನ್ನು ಇಂದಿಗೂ ನಾಲ್ವರು ಹುತಾತ್ಮರೆಂದು ಒಂದೇ ಉಸಿರಿನಲ್ಲಿ ಸ್ಮರಿಸುತ್ತದೆ. ಇವರಲ್ಲಿ ಯಾರ ಹಿರಿಯರು ಯಾವ ಸೀಮೆಯಿಂದ ಬಂದವರೆಂದು ಆ ಪ್ರತಿಮೆಗಳ ಮುಂದೆ ನಿಂತು ಯಾರಾದರೂ ಕೇಳಿಯಾರೆ?

ಎರಡನೆಯದು ಡಾಕ್ಟರ್ ದ್ವಾರಕಾನಾಥ ಕೋಟ್ನೀಸರದು. ಅವರು ೧೯೧೦ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಚೀನದ ಮೇಲೆ ಜಪಾನು ದಂಡೆತ್ತಿ ಹೋದಾಗ ೧೯೩೮ರಲ್ಲಿ ಭಾರತದಿಂದ ಹೊರಟ ಐವರು ವೈದ್ಯರ ತಂಡದಲ್ಲಿ ಅವರೂ ಒಬ್ಬರು. ತಂಡದ ಕೆಲವರು ಹಿಂದಿರುಗಿದ ಮೇಲೂ ಅವರು ಅಲ್ಲಿಯೇ ನಿಂತರು. ಗಾಯಾಳುಗಳ ಆರೈಕೆಯಲ್ಲಿ ಹಗಲಿರುಳು ದುಡಿದರು. ಅಲ್ಲಿಯ ಭಾಷೆಯನ್ನು ಕಲಿತರು. ಅಲ್ಲಿಯ ದಾದಿಯೊಬ್ಬರನ್ನು ವರಿಸಿದರು. ಹುಟ್ಟಿದ ಮಗನಿಗೆ ಭಾರತ, ಚೀನ ಎರಡನ್ನೂ ಸೂಚಿಸುವ ಹೆಸರಿಟ್ಟರು. ೧೯೪೨ರ ಡಿಸೆಂಬರಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ದೇಹ ಬಿಟ್ಟರು. ಪರವೂರಿನವರನ್ನು ತನ್ನವರನ್ನಾಗಿ ಮಾಡಿಕೊಂಡ ಸೊಲ್ಲಾಪುರವು ತನ್ನ ಮಗನೊಬ್ಬನನ್ನು ಪರದೇಶಕ್ಕೆ ಎರಡನೆಯ ಮನೆಯ ಮಗನನ್ನಾಗಿ ಕೊಟ್ಟಿತು. ಅವರು ಚೀನಕ್ಕೆ ಪರಕೀಯರಾಗಿ ಉಳಿಯಲಿಲ್ಲ, ಸೊಲ್ಲಾಪುರಕ್ಕೂ ಎರವಾಗಲಿಲ್ಲ. ಮಗನ ಹೆಸರಿನಲ್ಲಿ ಎರಡು ದೇಶಗಳನ್ನೂ ಕೂಡಿಸಿದವರ ಮನಸ್ಸಿನಲ್ಲಿ ಎರಡು ಮನೆಗಳಿಗೂ ಇಂಬಿತ್ತು.

ಎಲ್ಲರಿಗೂ ಅಷ್ಟು ದೊಡ್ಡ ತ್ಯಾಗ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಗೃಹಸ್ಥರಿಗೆ ಸಣ್ಣ ದಾರಿಗಳೇ ಸಾಕು. ಬಂದ ಊರಿನ ಭಾಷೆಯನ್ನು ಆದರದಿಂದ ಕಲಿಯಬೇಕು. ಮನೆಯೊಳಗೆ ಕನ್ನಡವನ್ನು ಬಿಡದೆ ಆಡಬೇಕು. ಮಕ್ಕಳು ಶಾಲೆಯಲ್ಲಿ ಮರಾಠಿ ಓದಿದರೆ ಅದನ್ನು ನಷ್ಟವೆಂದು ಎಣಿಸದೆ, ಸಂಜೆ ಅವರಿಗೆ ಕನ್ನಡದ ಅಕ್ಷರವನ್ನೂ ವಚನಗಳನ್ನೂ ತಂದೆತಾಯಿಗಳೇ ಕಲಿಸಬೇಕು. ಓಣಿಯಲ್ಲಿ ಸಾವಾದಾಗ ಕರೆಯದೆಯೇ ಹೋಗಬೇಕು. ಹಬ್ಬಕ್ಕೆ ಕರೆದಾಗ ಹೋಗುವುದು ಆಮೇಲಿನ ಮಾತು. ವರ್ಷದ ಗಳಿಕೆಯಲ್ಲಿ ಹುಟ್ಟೂರಿನ ಶಾಲೆಗೊಂದು ಪಾಲು, ಬಂದ ಊರಿನ ದಾಸೋಹಕ್ಕೊಂದು ಪಾಲು ತೆಗೆದಿಡಬೇಕು. ಪಾಲು ಸಣ್ಣದಾದರೂ ಚಿಂತೆಯಿಲ್ಲ, ತಪ್ಪದಿರಬೇಕು. ಬಾಡಿಗೆಯ ಮನೆಯಾದರೂ ಅಂಗಳವನ್ನು ಸ್ವಂತದ್ದೆಂಬಂತೆ ಗುಡಿಸಬೇಕು.

ಕಲ್ಯಾಣವು ಶರಣರಿಗೆ ಶಾಶ್ವತವಾಗಿ ಉಳಿಯಲಿಲ್ಲ. ಸುಮಾರು ೧೧೬೭ರ ಆ ವಿಪ್ಲವದಲ್ಲಿ ಅವರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರ ಸಂಗಡ ಹೋದವರು ಉಳವಿಯ ಕಾಡನ್ನು ಸೇರಿದರು. ಅಷ್ಟು ಪ್ರೀತಿಯಿಂದ ಕಟ್ಟಿದ ಎರಡನೆಯ ಮನೆಯೂ ಕೈಬಿಟ್ಟುಹೋಯಿತು. ಹೋಗುವಾಗ ಅವರು ಮಾಳಿಗೆಯನ್ನಾಗಲಿ ಕಣಜವನ್ನಾಗಲಿ ಹೊತ್ತೊಯ್ಯಲಿಲ್ಲ. ಕರಸ್ಥಲದ ಲಿಂಗವನ್ನೂ ವಚನಗಳ ಕಟ್ಟುಗಳನ್ನೂ ಒಬ್ಬರಿಗೊಬ್ಬರ ಸಂಗವನ್ನೂ ಮಾತ್ರ ಒಯ್ದರು. ನಾವು ಇರುವ ಊರು, ಅದು ಹುಟ್ಟೂರಾಗಲಿ ಅನ್ನದ ಊರಾಗಲಿ, ನಮಗೆ ಎಷ್ಟು ವರ್ಷ ಎಂಬುದು ನಮ್ಮ ಕೈಯಲ್ಲಿಲ್ಲ. ಇರುವಷ್ಟು ದಿನ ಅದರ ಬೆಳಕಿನಲ್ಲಿ ಸಂತೋಷಪಡುವುದೂ, ಅದರ ದೀಪಕ್ಕೆ ನಮ್ಮ ಪಾಲಿನ ಎಣ್ಣೆಯನ್ನು ಎರೆಯುವುದೂ ನಮ್ಮ ಕೈಯಲ್ಲಿದೆ. ಸದ್ಭಕ್ತರಾದ ಗೃಹಸ್ಥರು ಈ ಸಂಕ್ರಮಣಕ್ಕೆ ಎಲ್ಲಿಯೇ ಇರಲಿ, ತಮ್ಮ ಮನೆಯ ಎಳ್ಳುಬೆಲ್ಲದ ಮೊದಲ ಚಿಟಿಕೆಯನ್ನು ತಮಗಿಂತ ಈಚೆಗೆ ಆ ಓಣಿಗೆ ಬಂದ ಕುಟುಂಬಕ್ಕೆ ಕೊಟ್ಟು ಬರಲಿ.